ಒಂದೂವರೆ ನಕ್ಷತ್ರದ ಮೇಷ್ಟ್ರು

ಮೇಷ್ಟ್ರ ಸಂಕಟ ಶುರುವಾದದ್ದು ಅವರ ಹೆಂಡತಿಗೆ ಕನ್ನಡಕ ಸಿಕ್ಕಿದ್ದರಿಂದ. ಒಂದು ವಾರದಿಂದ ಕಾಣೆಯಾಗಿದ್ದ ಕನ್ನಡಕ ಆ ಬೆಳಿಗ್ಗೆ ಹಿಟ್ಟಿನ ಡಬ್ಬಿಯೊಳಗೆ ಪ್ರತ್ಯಕ್ಷವಾಯಿತು. ಆಕೆ ಅದನ್ನು ಒರೆಸಿ ಹಾಕಿಕೊಂಡು, ಸರಿಯಾಗಿ ಕಾಣುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಎದುರಿಗೆ ಬಿದ್ದಿದ್ದ ಗಂಡನ ಫೋನನ್ನು ಎತ್ತಿಕೊಂಡರು. ಸರಿಯಾಗಿಯೇ ಕಂಡಿತು.

"ರೀ, ನಿಮ್ಮ ಡೀನ್ ಏನೋ ಕಳಿಸಿದಾರೆ. ಓದಿದ್ರಾ?"

"ಅವನು ಕಳಿಸೋದನ್ನ ನಾನು ಓದಲ್ಲ. ನನ್ನ ಸ್ಟೂಡೆಂಟ್ ಆಗಿದ್ದಾಗಲೂ ಅವನು ಬರೆದಿದ್ದನ್ನ ಓದೋಕಾಗ್ತಿರಲಿಲ್ಲ," ಎಂದು ಮೇಷ್ಟ್ರು ಕಾಫಿ ಹೀರಿದರು.

"ಹಾಗಾದ್ರೆ ನಾನೇ ಓದ್ತೀನಿ, ಕೇಳಿ."

ಆಕೆ ಓದಿದ್ದನ್ನು ಕೇಳುತ್ತಾ ಕೇಳುತ್ತಾ ಕಾಫಿ ತಣ್ಣಗಾಯಿತು. ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರಿಗೆ ಐದಕ್ಕೆ ಇಷ್ಟು ಎಂದು ನಕ್ಷತ್ರ ಕೊಡುವ ಪದ್ಧತಿ ಹಿಂದಿನಿಂದಲೂ ಇತ್ತು. ಯಾರೂ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಹೊಸ ಡೀನ್ ಈಗ ಹಚ್ಚಿಕೊಂಡಿದ್ದರು. ಈ ದಿನ ಸಂಜೆ ಐದು ಗಂಟೆಗೆ ಯಾರ ನಕ್ಷತ್ರ ಮೂರಕ್ಕಿಂತ ಕಡಿಮೆ ಇರುತ್ತದೋ, ಮುಂದಿನ ವರ್ಷದಿಂದ ಅವರ ಬೆಳಗಿನ ಪಾಠವನ್ನು ಬೇರೆಯವರಿಗೆ ವಹಿಸಿ, ಅವರನ್ನು ಸಂಜೆ ತರಗತಿಗೆ ಕಳಿಸಲಾಗುವುದು ಎಂದು ಆದೇಶ. ಸಂಜೆ ತರಗತಿ ಎಂದರೆ ನೆಲಮಾಳಿಗೆಯಲ್ಲಿ, ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಉಗ್ರಾಣದ ಪಕ್ಕದ ಕೋಣೆ. ಅಲ್ಲಿಗೆ ವಿದ್ಯಾರ್ಥಿಗಳು ಬಂದ ದಾಖಲೆ ಇರಲಿಲ್ಲ.

ಮೇಷ್ಟ್ರು ಬೆಳಗಿನ ಹೊತ್ತು ಹೂಡಿಕೆಯ ಪಾಠ ಮಾಡುತ್ತಿದ್ದರು. ಪ್ರತಿ ಪಾಠವನ್ನೂ "ಮೊದಲು ನಷ್ಟದ ಲೆಕ್ಕ ಹಾಕಿ" ಎಂದೇ ಶುರುಮಾಡುತ್ತಿದ್ದುದರಿಂದ ಹುಡುಗರ ಬಾಯಲ್ಲಿ ಅವರು ನಷ್ಟದ ಮೇಷ್ಟ್ರು. ಆ ಪಾಠವನ್ನು ಬಿಟ್ಟರೆ ಲೋಕದಲ್ಲಿ ಅವರಿಗೆ ಇಷ್ಟವಾದದ್ದು ಬಹಳ ಇರಲಿಲ್ಲ. ಹೆಂಡತಿಗೂ ಅದು ಗೊತ್ತಿತ್ತು. ಅದಕ್ಕೇ ಆಕೆ ದನಿ ತಗ್ಗಿಸಿ ಕೇಳಿದರು.

"ನಿಮ್ಮ ನಕ್ಷತ್ರ ಎಷ್ಟು?"

"ನೋಡಿಲ್ಲ."

"ಒಂದೂವರೆ."

ಮೇಷ್ಟ್ರು ತಣ್ಣಗಾದ ಕಾಫಿಯನ್ನೇ ಇನ್ನೊಂದು ಗುಟುಕು ಹೀರಿದರು. ಆಮೇಲೆ ಆಕೆ ನಕ್ಷತ್ರದ ಕೆಳಗೆ ಹುಡುಗರು ಬರೆದಿದ್ದನ್ನು, ಓದಬಾರದಿತ್ತು, ಆದರೂ ಓದಿದರು. "'ಇವರ ಕ್ಲಾಸಿಗೆ ಹೋಗುವ ಬದಲು ಹಾಸ್ಟೆಲಿನಲ್ಲೇ ಮಲಗಿ. ನಿದ್ದೆ ಎರಡೂ ಕಡೆ ಬರುತ್ತೆ, ಹಾಸ್ಟೆಲಿನಲ್ಲಿ ದಿಂಬು ಇದೆ.' 'ಗೋಡೆ ಗಡಿಯಾರ ಇವರಿಗಿಂತ ಚೆನ್ನಾಗಿ ಪಾಠ ಮಾಡುತ್ತೆ.' ಇನ್ನೊಬ್ಬರು, 'ದಯವಿಟ್ಟು ಯಾರೂ ಸೇರಬೇಡಿ, ನಿಮ್ಮ ಒಳ್ಳೆಯದಕ್ಕೇ ಹೇಳ್ತಿದ್ದೀನಿ.' ರೀ, ಕ್ಲಾಸಿಗೆ ಯಾರೂ ಬರೋದೇ ಇಲ್ವಾ?"

"ಎಲ್ಲರೂ ಬರ್ತಾರೆ," ಎಂದರು ಮೇಷ್ಟ್ರು. "ಬೆಲ್ ಹೊಡೆದ ಮೇಲೂ ಏಳಲ್ಲ."

"ಪಾಪ, ನಿದ್ದೆ ಹೋಗಿರ್ತಾವೆ."

ಈ ಮಾತು ಮೇಷ್ಟ್ರ ಎದೆಗೆ ನಾಟಿತು. ಇಷ್ಟು ವರ್ಷ ಅವರು ಅದನ್ನು ಶ್ರದ್ಧೆ ಎಂದುಕೊಂಡಿದ್ದರು.

ಹೆಂಡತಿ ಸುಮ್ಮನೆ ಕೂರುವವರಲ್ಲ. ಬೂದಿ ಬಣ್ಣದ ಅಂಗಿ ಬಿಚ್ಚಿಸಿ, ತನ್ನ ತಮ್ಮ ಮರೆತು ಬಿಟ್ಟುಹೋಗಿದ್ದ ಗಿಳಿಹಸಿರು ಅಂಗಿ ತೊಡಿಸಿದರು. ಭಾವಮೈದುನ ದೇಹದಲ್ಲಿ ಎರಡು ಮೇಷ್ಟ್ರಷ್ಟು ಇದ್ದ. "ಮಕ್ಕಳಿಗೆ ಬಣ್ಣ ಇಷ್ಟ," ಎಂದು ಆಕೆ ತೋಳು ಮಡಚಿದರು.

ಲಿಫ್ಟಿನಲ್ಲಿ ಮೇಲಿನ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಸಿಕ್ಕರು. ಕೇಳದವರಿಗೂ ಸಲಹೆ ಕೊಡುವುದು ಅವರ ನಿವೃತ್ತಿಯ ಉದ್ಯೋಗ. ಅಂಗಿ ನೋಡಿ ವಿಷಯ ಏನೆಂದು ಕೇಳಿದರು, ಮೇಷ್ಟ್ರು ಹೇಳಿಬಿಟ್ಟರು.

"ನೀವು ನಗಲ್ಲ ಮೇಷ್ಟ್ರೇ, ಅದೇ ರೋಗ. ಸಾಲ ಕೊಡಲ್ಲ ಅನ್ನುವಾಗಲೂ ನಾನು ನಗ್ತಿದ್ದೆ. ಜನ ಥ್ಯಾಂಕ್ಸ್ ಹೇಳಿ ಹೋಗೋರು. ಎಲ್ಲಿ, ನಗಿ ನೋಡೋಣ."

ಮೇಷ್ಟ್ರು ನಕ್ಕರು. ಲಿಫ್ಟಿನ ಕನ್ನಡಿಯಲ್ಲಿ ಹರಳೆಣ್ಣೆ ಕುಡಿದ ಮುಖವೊಂದು ಕಂಡಿತು. ಅಷ್ಟರಲ್ಲಿ ಬಾಗಿಲು ತೆರೆದು ಮಗುವಿನೊಂದಿಗೆ ಒಳಗೆ ಬರಲಿದ್ದ ತಾಯಿಯೊಬ್ಬರು ಆ ನಗುವನ್ನು ನೋಡಿ, "ನಾವು ಮೆಟ್ಟಿಲಲ್ಲೇ ಇಳೀತೀವಿ," ಎಂದು ಹಿಂದೆ ಸರಿದರು.

"ಪರವಾಗಿಲ್ಲ, ಅಭ್ಯಾಸ ಆಗಬೇಕು," ಎಂದರು ಮ್ಯಾನೇಜರು. "ಜೊತೆಗೆ ಬಾಯಿ ಸಿಹಿ ಮಾಡಿ. ದಾರಿಯಲ್ಲಿ ಒಂದು ಡಬ್ಬಿ ಚಾಕೊಲೇಟ್ ತಗೊಳ್ಳಿ."

ಮೇಷ್ಟ್ರು ಡಬ್ಬಿ ಕೊಂಡು ವಿಭಾಗಕ್ಕೆ ಬಂದಾಗ ಮಾರ್ಕೆಟಿಂಗ್ ವಿಷಯದ ಯುವ ಅಧ್ಯಾಪಕ ಕುರ್ಚಿಯಲ್ಲಿ ತಿರುಗುತ್ತಾ ಕೂತಿದ್ದ. ಮೇಷ್ಟ್ರ ಪಾಠ ಕೈತಪ್ಪಿದರೆ ಸಿಗುವುದು ಅವನಿಗೇ. ಆದರೂ ಅವನಲ್ಲಿ ಕೆಡುಕಿರಲಿಲ್ಲ. ಎಲ್ಲರಿಗೂ ಬುದ್ಧಿ ಹೇಳುವಷ್ಟು ಒಳ್ಳೆಯವನು.

"ಸರ್, ಮಾಲು ಚೆನ್ನಾಗಿದ್ರೆ ಸಾಲಲ್ಲ. ಬೀದೀಲಿ ನಿಂತು ಕೂಗಬೇಕು."

"ನಾನು ಹುಡುಗರಿಗೆ ಹೇಳಿಕೊಡೋದು ಅದಕ್ಕೆ ಉಲ್ಟಾ ಕಣಯ್ಯ. ಒಳ್ಳೆ ಮಾಲು ಅಗ್ಗಕ್ಕೆ ಸಿಕ್ಕಿದ್ರೆ ಬಾಯಿಗೆ ಬೀಗ ಹಾಕ್ಕೊಳ್ಳಿ. ಬೇಕಾದಷ್ಟು ಕೊಂಡು ಮುಗಿಸೋವರೆಗೂ ಅದನ್ನ ಬೈಯ್ತಾ ಇರಿ ಅಂತ."

"ಅದಕ್ಕೇ ಸರ್ ಒಂದೂವರೆ," ಎಂದು ಅವನು ಕನಿಕರದಿಂದ ಹೇಳಿದ. "ಕ್ಲಾಸಲ್ಲಿ ಒಂದು ಜೋಕ್ ಹೇಳಿ. ನಾನು ಕೊಡ್ತೀನಿ, ಬರ್ಕೊಳ್ಳಿ."

ಅದು ವರ್ಷದ ಕೊನೆಯ ಕ್ಲಾಸು. ಮೇಷ್ಟ್ರು ಗಿಳಿಹಸಿರು ಅಂಗಿಯಲ್ಲಿ, ನಗುತ್ತಾ, ಡಬ್ಬಿ ಹಿಡಿದು ಒಳಗೆ ಬಂದರು. ತುಂಬಿದ ಹಾಲ್ ಉಸಿರು ಬಿಗಿಹಿಡಿಯಿತು. ಎಲ್ಲರಿಗೂ ಒಂದೊಂದು ಚಾಕೊಲೇಟ್ ಹಂಚಿದರು. ಯಾರೂ ಕಾಗದ ಬಿಚ್ಚಲಿಲ್ಲ.

ಮುಂದಿನ ಬೆಂಚಿನ ಹುಡುಗಿ, ಇಡೀ ತರಗತಿಯ ಪರವಾಗಿ ಮಾತಾಡುವ ಜಾಣೆ, ಎದ್ದು ನಿಂತಳು. "ಸರ್, ಮನೇಲಿ ಎಲ್ಲರೂ ಸೌಖ್ಯಾನಾ?"

"ಸೌಖ್ಯ. ಯಾಕಮ್ಮ?"

"ಏನಿಲ್ಲ ಸರ್. ಕಾರಣ ಕಾಣದೆ ಒಂದೇ ದಿನದಲ್ಲಿ ಏನಾದ್ರೂ ಏರಿದ್ರೆ, ಹಿಂದೆ ಯಾರದೋ ಕೈ ಇರುತ್ತೆ ಅಂತ ನೀವೇ ಹೇಳಿಕೊಟ್ಟಿದ್ದೀರಿ. ನೀವು ಇವತ್ತು ಒಂದೇ ದಿನದಲ್ಲಿ ಬಹಳ ಏರಿದ್ದೀರಿ."

ಮೇಷ್ಟ್ರು ನಗುವನ್ನು ಸ್ವಲ್ಪ ಇಳಿಸಿದರು. ಆಮೇಲೆ ಚೀಟಿ ತೆಗೆದು ಜೋಕಿಗೆ ಕೈಹಾಕಿದರು. "ಒಬ್ಬ ಬ್ಯಾಂಕಿಗೆ ಹೋಗಿ ಸಾಲ ಕೇಳಿದನಂತೆ. ಏನು ಅಡವು ಇಡ್ತೀಯ ಅಂದರಂತೆ ಮ್ಯಾನೇಜರು. 'ನನ್ನ ನಿದ್ದೆ ಇಡ್ತೀನಿ' ಅಂದನಂತೆ." ಇಲ್ಲಿಗೆ ಬಂದು ಅವರ ಹುಬ್ಬು ಗಂಟಾಯಿತು. "ನಿಲ್ಲಿ. ಇದರಲ್ಲಿ ಒಂದು ತೊಂದರೆ ಇದೆ. ನಿದ್ದೆಯನ್ನ ಹರಾಜು ಹಾಕೋಕಾಗುತ್ತಾ? ಹರಾಜು ಹಾಕೋಕಾಗದ ಮೇಲೆ ಅದು ಅಡವು ಹೇಗಾಗುತ್ತೆ? ಮೊದಲು ನಷ್ಟದ ಲೆಕ್ಕ ಹಾಕಿ."

ಚೀಟಿ ಜೇಬಿಗೆ ಹೋಯಿತು, ಸೀಮೆಸುಣ್ಣ ಕೈಗೆ ಬಂತು. ನಗು ಯಾವಾಗ ಬಿದ್ದುಹೋಯಿತೋ ಮೇಷ್ಟ್ರಿಗೇ ತಿಳಿಯಲಿಲ್ಲ. ಸಾಲಗಾರನ ಕಷ್ಟ, ಬ್ಯಾಂಕಿನ ದುರಾಸೆ, ಇಬ್ಬರೂ ಒಬ್ಬರನ್ನೊಬ್ಬರು ನಂಬಿಸಿಕೊಳ್ಳುವ ಬಗೆ ಎಲ್ಲ ಬೋರ್ಡಿನ ಮೇಲೆ ಹರಿದು ಬಂತು. ಹುಡುಗರು ಬರೆದದ್ದೇ ಬರೆದದ್ದು. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಮೇಷ್ಟ್ರು ತಿರುಗಿ ನೋಡಿ, ಎಲ್ಲರೂ ಕೂತೇ ಇರುವುದನ್ನು ಕಂಡು, ಪಾಪ, ಇವಕ್ಕೆ ಕಣ್ಣು ತೆರೆದುಕೊಂಡೇ ನಿದ್ದೆ ಹೋಗುವ ಅಭ್ಯಾಸ ಆಗಿದೆ ಎಂದು ವ್ಯಥೆಪಟ್ಟರು. ಜೋಕಿನ ಬಾಲ ಹಾಗೇ ಉಳಿಯಿತು.

ಬಾಗಿಲಲ್ಲಿ ಆಫೀಸಿನ ಸೂಪರಿಂಟೆಂಡೆಂಟ್ ಅಮ್ಮ ನಿಂತಿದ್ದರು. ಅವರ ಕಣ್ಣು ಖಾಲಿ ಡಬ್ಬಿಯ ಮೇಲಿತ್ತು.

"ಅಭಿಪ್ರಾಯ ಕೊಡೋ ದಿನ ಹುಡುಗರಿಗೆ ಏನೂ ಹಂಚಬಾರದು ಅಂತ ಆದೇಶದಲ್ಲೇ ಇದೆಯಲ್ಲ ಸರ್."

"ನಾನು ಆದೇಶ ಓದಿಲ್ಲ ಅಮ್ಮ. ನನ್ನ ಹೆಂಡತಿ ಓದಿದ್ದು."

"ಅದನ್ನೂ ಬರ್ಕೋತೀನಿ," ಎಂದು ಆಕೆ ಹೊರಟರು.

ಮಧ್ಯಾಹ್ನ ಮೇಷ್ಟ್ರು ತಮ್ಮ ಕೋಣೆಯಲ್ಲಿ ಇಂಗು ತಿಂದ ಮಂಗನ ಹಾಗೆ ಕೂತಿದ್ದರು. ನಕ್ಷತ್ರ ಒಂದೂವರೆಯಲ್ಲೇ ನಿಂತಿತ್ತು. ಬಾಗಿಲು ತಟ್ಟಿ ಮುಂದಿನ ಬೆಂಚಿನ ಹುಡುಗಿ ಒಳಗೆ ಬಂದಳು. ಅವಳ ಬೆನ್ನಿಗೆ ಅರ್ಧ ತರಗತಿ ಕಾರಿಡಾರಿನಲ್ಲಿ ನಿಂತಿತ್ತು.

"ಸರ್, ನೀವು ಕೆಲಸ ಬಿಡ್ತಿದ್ದೀರಾ? ಚಾಕೊಲೇಟ್ ಯಾಕೆ ಅಂತ ನಮಗೆಲ್ಲ ಭಯ ಆಗಿದೆ."

ಮೇಷ್ಟ್ರಿಗೆ ಇನ್ನು ಮುಚ್ಚಿಡುವ ತ್ರಾಣ ಇರಲಿಲ್ಲ. "ಬಿಡ್ತಿಲ್ಲಮ್ಮ, ಬಿಡಿಸ್ತಿದಾರೆ. ಸಂಜೆ ಐದಕ್ಕೆ ನನ್ನ ಪಾಠ ಹೋಗುತ್ತೆ. ನಿಮ್ಮದೇನೂ ತಪ್ಪಿಲ್ಲ. ಬೇಜಾರಾಗಿದ್ದನ್ನ ಬೇಜಾರಾಯ್ತು ಅಂತ ಬರೆದಿದ್ದೀರಿ. ಆದರೆ ಆ ದಿಂಬಿನ ಮಾತು ಯಾರು ಬರೆದರೋ, ನನಗೆ ಬಹಳ ನೋವಾಯಿತು."

ಹುಡುಗಿಯ ಮುಖ ಬಿಳಿಚಿಕೊಂಡಿತು. "ನಾನೇ ಬರೆದಿದ್ದು ಸರ್."

"ನೀನಾ? ಒಂದು ದಿನಾನೂ ತಪ್ಪಿಸದೆ ಬಂದೆಯಲ್ಲಮ್ಮ."

"ನನ್ನ ತಮ್ಮ ಮುಂದಿನ ವರ್ಷ ಸೇರ್ತಾನೆ ಸರ್. ಇರೋ ಸೀಟು ಸ್ವಲ್ಪ. ನಿಮ್ಮ ಪಾಠ ಚೆನ್ನಾಗಿದೆ ಅಂತ ಬರೆದ್ರೆ ಬೇರೆ ವಿಭಾಗದೋರೆಲ್ಲ ನುಗ್ಗಿಬಿಡ್ತಾರೆ. ನಮ್ಮಣ್ಣ ನಿಮ್ಮ ಕ್ಲಾಸಲ್ಲಿದ್ದಾಗ ಗೋಡೆ ಗಡಿಯಾರ ಅಂತ ಬರೆದಿದ್ದ, ಅದರಿಂದಲೇ ನನಗೆ ಸೀಟು ಸಿಕ್ಕಿತು." ಅವಳು ತಲೆ ತಗ್ಗಿಸಿದಳು. "ಒಳ್ಳೆ ಮಾಲು ಅಗ್ಗಕ್ಕೆ ಸಿಕ್ಕಿದ್ರೆ ಕೊಂಡು ಮುಗಿಸೋವರೆಗೂ ಬೈಯ್ತಾ ಇರಿ ಅಂತ ನೀವೇ ಹೇಳಿದ್ರಿ ಸರ್. ಎಲ್ಲರೂ ಹಾಗೇ ಮಾಡ್ತಾರೆ, ನಮಗಿಂತ ಹಿಂದಿನೋರೂ."

ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಮೇಷ್ಟ್ರ ತಲೆಯಲ್ಲಿ ಒಂದು ಸುತ್ತು ಹಾಕಿತು. ಆದರೆ ಕೋಪ ಬರಲಿಲ್ಲ. ಅವರಿಗೆ ಅಳು ಬಂತು. ಇಷ್ಟು ವರ್ಷದ ಬೈಗುಳವೆಲ್ಲ ಪ್ರೀತಿಯೆಂದು ಒಂದೇ ಕ್ಷಣದಲ್ಲಿ ತಿಳಿದರೆ ಯಾರಿಗಾದರೂ ಬಂದೀತು. ಭಾವಮೈದುನನ ತೋಳಿನಲ್ಲಿ ಬೇಕಾದಷ್ಟು ಬಟ್ಟೆ ಇತ್ತು, ಅದರಲ್ಲೇ ಕಣ್ಣೊರೆಸಿಕೊಂಡರು.

"ನೀವೇನೂ ಚಿಂತೆ ಮಾಡಬೇಡಿ ಸರ್. ಬರೆದ ಕೈಯಲ್ಲೇ ಅಳಿಸ್ತೀವಿ," ಎಂದು ಹುಡುಗಿ ಹೊರಗೆ ಓಡಿದಳು.

ಆಗ ಅವರು ತಡೆಯಬೇಕಿತ್ತು. ಹಣಕಾಸಿನ ಪಾಠವನ್ನು ಅರೆದು ಕುಡಿದವರಿಗೆ ಅದು ಹೊಳೆಯಬೇಕಿತ್ತು. ಆದರೆ ಸಂತೋಷದಲ್ಲಿ ಮನುಷ್ಯ ನಷ್ಟದ ಲೆಕ್ಕ ಹಾಕುವುದಿಲ್ಲ. ಮೇಷ್ಟ್ರು ಫೋನ್ ಮುಂದಿಟ್ಟುಕೊಂಡು, ನಕ್ಷತ್ರಗಳು ಏರುವುದನ್ನು ಹಾಲು ಉಕ್ಕುವುದನ್ನು ನೋಡುವಂತೆ ನೋಡುತ್ತಾ ಕೂತರು. ಎರಡಾಯಿತು, ಮೂರು ದಾಟಿತು. ಹಳೆಯ ವಿದ್ಯಾರ್ಥಿಗಳಿಗೂ ಸುದ್ದಿ ಮುಟ್ಟಿತೆಂದು ಕಾಣುತ್ತದೆ, ನಾಲ್ಕೂಮುಕ್ಕಾಲಿಗೆ ಬಂದು ನಿಂತಿತು. 'ಇಂಥ ಗುರು ಏಳೇಳು ಜನ್ಮಕ್ಕೂ ಸಿಗಲ್ಲ' ಎಂದು ಯಾರೋ ಬರೆದಿದ್ದರು. ಮೇಷ್ಟ್ರು ಹೆಂಡತಿಗೆ ಫೋನ್ ಮಾಡಿ ಓದಿ ಹೇಳಿದರು. "ಅಂಗಿ ಕೆಲಸ ಮಾಡ್ತು ನೋಡಿ," ಎಂದರು ಆಕೆ.

ಐದಕ್ಕೆ ಡೀನ್ ಕರೆಸಿದರು. ಮೇಷ್ಟ್ರು ಎದೆಯುಬ್ಬಿಸಿಕೊಂಡು ಹೋದರು. ಡೀನ್ ಎದ್ದು ನಿಂತು ಕೈಮುಗಿದು, ತಾವೇ ಕುರ್ಚಿ ಎಳೆದುಕೊಟ್ಟರು.

"ಸರ್, ನಿಮ್ಮ ಪಾಠ ನಾನು ಮರೆತಿಲ್ಲ. ಕಾರಣ ಕಾಣದೆ ಒಂದೇ ದಿನದಲ್ಲಿ ಏರಿದ್ದರ ಹಿಂದೆ ಯಾರದೋ ಕೈ ಇರುತ್ತೆ. ನೀವು ಬೆಳಿಗ್ಗೆ ಚಾಕೊಲೇಟ್ ಹಂಚಿದ್ದೀರಿ. ಸಂಜೆ ಹೊತ್ತಿಗೆ ಒಂದೂವರೆ ಹೋಗಿ ನಾಲ್ಕೂಮುಕ್ಕಾಲು. ಇದನ್ನ ನೋಡಿದರೆ ನೀವೇ ಏನು ಹೇಳ್ತಿದ್ದಿರಿ?"

ಮೇಷ್ಟ್ರು ಪ್ರಾಮಾಣಿಕರು. "ಮೋಸ ಅಂತಿದ್ದೆ," ಎಂದರು.

"ಅದಕ್ಕೇ ಇವತ್ತಿನ ಅಭಿಪ್ರಾಯಗಳನ್ನೆಲ್ಲ ರದ್ದು ಮಾಡಿದ್ದೀನಿ. ನಿನ್ನೆ ಇದ್ದದ್ದೇ ಲೆಕ್ಕ."

"ಆದರೆ ಆ ಒಂದೂವರೆ ಸುಳ್ಳು," ಎಂದು ಮೇಷ್ಟ್ರು ಎದ್ದೇಬಿಟ್ಟರು. "ಅವರು ಬೇಕು ಅಂತಲೇ ಕೆಟ್ಟದಾಗಿ ಬರೆದಿದಾರೆ. ಸೀಟಿಗೋಸ್ಕರ. ನೀವು ನಂಬಲ್ಲ."

"ಯಾಕೆ ನಂಬಲ್ಲ ಸರ್? ನಮ್ಮ ಕಾಲದಲ್ಲಿ ವೆಬ್‌ಸೈಟ್ ಇರಲಿಲ್ಲ, ಹಾಸ್ಟೆಲ್ ಗೋಡೆ ಮೇಲೆ ನಾನೇ ಬರೆದಿದ್ದೆ. 'ಇವರಿಗೆ ಹಣದ ವಿಷಯ ಗೊತ್ತಿದ್ದರೆ ಮೇಷ್ಟ್ರಾಗ್ತಿದ್ದರಾ' ಅಂತ. ಮರು ವರ್ಷ ನನ್ನ ತಂಗಿ ಸೇರೋಳಿದ್ದಳು." ಡೀನ್ ನಾಚಿಕೊಂಡರು.

ಮೇಷ್ಟ್ರು ಮೆಲ್ಲಗೆ ಕೂತರು. "ಹಾಗಾದರೆ ನಿಮಗೆ ಎಲ್ಲ ಗೊತ್ತಿತ್ತು."

"ಗೊತ್ತಿತ್ತು ಸರ್."

"ಗೊತ್ತಿದ್ದೂ ನನ್ನನ್ನ ಆ ನೆಲಮಾಳಿಗೆಗೆ ಕಳಿಸ್ತೀರಾ? ಅಲ್ಲಿ ಒಬ್ಬನೂ ಇರಲ್ಲವಲ್ಲ."

"ಒಬ್ಬ ಇದಾನೆ ಸರ್." ಡೀನ್ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ನನ್ನ ಮಗ. ಬೆಳಗಿನ ಕ್ಲಾಸಲ್ಲಿ ಅವನಿಗೆ ಸೀಟು ಸಿಗೋ ಹಾಗಿರಲಿಲ್ಲ. ಈಗ ಇಡೀ ವರ್ಷ ನೀವು, ಅವನು, ಇಬ್ಬರೇ. ದಯವಿಟ್ಟು ಯಾರಿಗೂ ಹೇಳಬೇಡಿ."

ಮೇಷ್ಟ್ರು ತಮ್ಮ ಹಳೆಯ ವಿದ್ಯಾರ್ಥಿಯನ್ನು ಹೊಸಬನನ್ನು ನೋಡುವಂತೆ ನೋಡಿದರು. ಅಂದು ಅವನಿಗೆ ಬರೀ ಪಾಸು ಮಾರ್ಕು ಕೊಟ್ಟದ್ದು ಅನ್ಯಾಯವಾಯಿತೇನೋ ಅನ್ನಿಸಿತು.

"ಹುಡುಗ ಹೇಗೆ?" ಎಂದು ಕೇಳಿದರು.

"ಚುರುಕು ಸರ್. ನಿಮ್ಮ ಬಗ್ಗೆ ಅಭಿಪ್ರಾಯ ಈಗಲೇ ಬರೆದಿಟ್ಟಿದಾನೆ."

"ಏನಂತ?"

"ನಿದ್ದೆ ಬರುತ್ತೆ ಅಂತ," ಎಂದು ಡೀನ್ ಹೆಮ್ಮೆಯಿಂದ ಹೇಳಿದರು.