ಕಿಟಕಿ ಖೋಲಿಯಲ್ಲಿ ಕುಂತವನು

ಕರಬಸಪ್ಪನ ತ್ರಾಸಿಗೆಲ್ಲ ಮೂಲ ಒಂದು ಕಿಟಕಿ.

ಶಿಗ್ಗಾಂವದ ಆಚೆ, ಹೈವೇ ಬಸ್ಸುಗಳ ಹಾರ್ನ್ ಕೇಳುವಷ್ಟು ದೂರದಲ್ಲಿದ್ದ ಹಳೆಯ ಆಸ್ಪತ್ರೆಯೊಂದರಲ್ಲಿ ಅವನು ಇಪ್ಪತ್ತಾರು ವರ್ಷದಿಂದ ಜವಾನ. ಅಷ್ಟೂ ವರ್ಷ ಅವನ ಜಾಗ ಹೆಣದ ಖೋಲಿಯ ಬಾಗಿಲ ಪಕ್ಕದ ಬೆಂಚು. ಬುತ್ತಿ ಬಿಚ್ಚಿದರೂ ಅಲ್ಲೇ, ತೂಕಡಿಸಿದರೂ ಅಲ್ಲೇ. ಹೋದ ವರ್ಷ ಇಪ್ಪತ್ತೈದು ತುಂಬಿದ್ದಕ್ಕೆ ಸನ್ಮಾನ ಮಾಡಿ, ಮಾಲೆ ಹಾಕಿ, ಮತ್ತೆ ಅದೇ ಬೆಂಚಿಗೆ ಕಳಿಸಿದ್ದರು. ನಿವೃತ್ತಿಗೆ ಇನ್ನು ಮೂರು ವರ್ಷ. ಅಷ್ಟು ದಿನವಾದರೂ ಬದುಕಿದವರ ಮುಖ ನೋಡುತ್ತ ಕೂರಬೇಕೆಂಬುದು ಅವನ ಒಂದೇ ಆಸೆ.

ಆದ್ದರಿಂದ ಹೊಸ ಆಸ್ಪತ್ರೆಯ ನಕ್ಷೆ ಮಾಡುವ ಪೂಜಾ ಮೇಡಂ ಹುಬ್ಬಳ್ಳಿಯಿಂದ ಬಂದು, "ಇಲ್ಲಿ ದುಡಿಯೋರು ನೀವು, ನಿಮಗ ಏನ ಬೇಕು ಹೇಳ್ರಿ" ಎಂದು ಒಬ್ಬೊಬ್ಬರನ್ನೇ ಕೇಳಿದಾಗ, "ಗೇಟಿನ ಬಾಜೂಕ ಒಂದ ಸಣ್ಣ ಖೋಲಿ, ಅದಕ್ಕೊಂದ ಕಿಟಕಿ" ಎಂದಿದ್ದ. ಹೇಳಿ ಮರೆತೂ ಬಿಟ್ಟಿದ್ದ. ಜವಾನನ ಮಾತು ನಕ್ಷೆಗೆ ಏರುತ್ತದೆಂದು ಯಾವ ಜವಾನ ನಂಬುತ್ತಾನೆ?

ತಿಂಗಳ ನಂತರ ಮೇಡಂ ಒಂದು ದಪ್ಪ ಕನ್ನಡಕ ತಂದರು. ಗಾಣದ ಎತ್ತಿಗೆ ಕಟ್ಟುವ ಕಣ್ಣುಪಟ್ಟಿಯಂತಿತ್ತು. ಹಾಕಿಕೊಂಡರೆ ಇನ್ನೂ ಕಟ್ಟದ ಆಸ್ಪತ್ರೆಯೊಳಗೆ ಅಡ್ಡಾಡಬಹುದು, ತಪ್ಪಿದ್ದರೆ ಹೇಳಬಹುದು. ಸಂಜೆ ಐದಕ್ಕೆ ನಕ್ಷೆ ಪಕ್ಕಾ. ನರ್ಸ್ ಸುಹಾನಾ ಒಳಗೆ ಹೋಗಿ ಬಂದು, ಸಂಡಾಸದ ಬಾಗಿಲಲ್ಲಿ ಗಾಲಿ ಕುರ್ಚಿ ಹಿಡಿಯುವುದಿಲ್ಲ ಎಂದಳು. ಕಸ ಗುಡಿಸುವ ಮಂಜವ್ವ, ಬಕೀಟು ತುಂಬುವ ನಳ ಎಲ್ಲಿ ಎಂದು ಕೇಳಿದಳು. ಎಲ್ಲವನ್ನೂ ಬರೆದುಕೊಂಡ ಮೇಡಂ, ಕರಬಸಪ್ಪನಿಗೆ ಕನ್ನಡಕ ಹಾಕಿ, ಫೋನು ಬಂತೆಂದು ಹೊರಗೆ ಹೋದವರು ಹಾಗೇ ಕಟ್ಟಡದ ಜಾಗ ನೋಡಲು ಹೊರಟರು.

ಒಳಗೆ ಎಲ್ಲ ದೀಪ ಉರಿಯುತ್ತಿದ್ದವು, ಒಬ್ಬ ಮನುಷ್ಯನಿರಲಿಲ್ಲ. ಫಿನಾಯಿಲ್ ವಾಸನೆಯಿಲ್ಲ, ಕೆಮ್ಮಿಲ್ಲ. ತನ್ನ ಹೆಜ್ಜೆಯ ಸಪ್ಪಳ ತನಗೇ ಕೇಳಲಿಲ್ಲ. ಬಾಗಿಲೊಂದು ತಾನೇ ತೆರೆಯಿತು. ಸಣ್ಣ ಖೋಲಿ, ಕುರ್ಚಿ, ಕುರ್ಚಿಯ ಮೇಲೆ ಯಾರೋ ಅಲುಗಾಡದೆ ಕುಂತಿದ್ದರು. ಕರಬಸಪ್ಪ ಬಗ್ಗಿ ನೋಡಿದ. ಅವನೇ ಕುಂತಿದ್ದ.

ಕನ್ನಡಕ ಕಿತ್ತೆಸೆದು ಹಿಂದೆ ಸರಿದವನು ಮಂಜವ್ವನ ಬಕೀಟಿನಲ್ಲಿ ಕುಂತುಬಿಟ್ಟ.

"ಏನ ಕಂಡ್ಯೋ ಅಣ್ಣಾ?" ಮಂಜವ್ವ ಕೇಳಿದಳು.

"ನನ್ನ ನಾ ಕಂಡ್ನಿ. ಕಣ್ಣ ಮುಚ್ಚಿದ್ನಿ."

"ಹಣಿಮ್ಯಾಲ ವಿಭೂತಿ ಇತ್ತೇನು?"

"ಇತ್ತು. ಕೊಳ್ಳಾಗ ಚೆಂಡಹೂವಿನ ಮಾಲಿನೂ ಇತ್ತು."

"ಮಲಗಿದ್ದೋ, ಕುಂತಿದ್ದೋ?"

"ಕುಂತಿದ್ನಿ ಬೇ."

ಕರಬಸಪ್ಪನ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಮಾಲೆ ಹಾಕಿ, ಕೂರಿಸಿಯೇ ಮಣ್ಣಿಗೆ ಒಯ್ಯುತ್ತಾರೆ.

ಆಂಬ್ಯುಲೆನ್ಸ್ ಓಡಿಸುವ ಮಲ್ಲಿಕಸಾಬ, "ಎಲ್ಲಾ ಸುಳ್ಳ" ಎಂದು ಕನ್ನಡಕ ಹಾಕಿಕೊಂಡ. ತೆಗೆದಾಗ ಮುಖ ಸುಣ್ಣ ಬಳಿದಂತಾಗಿತ್ತು. "ಕಾಕಾ, ನೀನ ಅದೀ. ಅಂಗಿ ಎರಡನೇ ಗುಂಡಿ ಅಲ್ಲಿನೂ ಇಲ್ಲ."

ಹೆದರಿದವನ ಮೇಲೆ ಹಾವು ಎಸೆದಂತಾಯಿತು. ಸುಹಾನಾ ಬಿಪಿ ನೋಡಿ ಎಷ್ಟೆಂದು ಹೇಳದೆ, "ಮನ್ಯಾಗ ಯಾರ ಅದಾರ್ರಿ?" ಎಂದಳು. ಮಂಜವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದಳು. ಘಾಟು ಏಳಲಿಲ್ಲ, ಏಳದಿದ್ದರೆ ಒಳ್ಳೆಯದೋ ಕೆಟ್ಟದ್ದೋ ಎಂದು ಅರ್ಧ ತಾಸು ವಾದವಾಯಿತು. ಮಲ್ಲಿಕಸಾಬ ಹುಲಗೂರ ದರ್ಗಾದ ದಾರವನ್ನು ತನ್ನ ಕೈಯಿಂದ ಬಿಚ್ಚಿ ಅವನಿಗೆ ಕಟ್ಟಿ, ಆಮೇಲೆ ಮೆಲ್ಲಗೆ, "ಕಾಕಾ, ನಿನ್ನ ಸೈಕಲ್ಲ ಇನ್ನೂ ಯಾರಿಗೂ ಕೊಡ್ತೇನಿ ಅಂತ ಹೇಳಿಲ್ಲ ಹೌದಲ್ಲೋ?" ಎಂದ. ಮಧ್ಯಾಹ್ನದ ಹೊತ್ತಿಗೆ ವಾರ್ಡಿನ ರೋಗಿಗಳೇ ಎದ್ದು ಬಂದು, ಅವನನ್ನು ನೋಡಿ ನಿಟ್ಟುಸಿರು ಬಿಟ್ಟು ಹೋದರು. ಕರಬಸಪ್ಪ ಬುತ್ತಿ ಬಿಚ್ಚಲಿಲ್ಲ. ಹೆಣದ ಖೋಲಿಯ ಬಾಗಿಲು ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ತನ್ನನ್ನೇ ನೋಡುತ್ತಿದೆ ಅನ್ನಿಸಿತು. ಅವನಿಗೆ ನಿಜಕ್ಕೂ ಅಳು ಬಂತು.

ನಾಲ್ಕೂವರೆಗೆ ಮೇಡಂ ಬಂದದ್ದೇ ತಡ, ಕೈ ಮುಗಿದು ನಿಂತ. "ಬಾಗಲಾ ತಾನ ತಗೀತೈತಲ್ರಿ, ಆ ಸಣ್ಣ ಖೋಲಿ, ಅದ ಬ್ಯಾಡ್ರಿ. ಅಳಿಸಿಬಿಡ್ರಿ."

ಮೇಡಂಗೆ ಸೋಜಿಗವಾಯಿತು. "ಖರೇನ ಬ್ಯಾಡೇನ್ರಿ? ಇವತ್ತ ಕಳಿಸಿದ್ರ ತಿರುಗಿ ಬದಲ ಮಾಡಾಕ ಬರೂದಿಲ್ಲ."

"ನಿಮ್ಮ ಕಾಲಿಗೆ ಬೀಳ್ತೇನಿ. ಅದಿದ್ರ ನಾ ಉಳ್ಯೂದಿಲ್ಲ."

ಸಹಿ ಹಾಕು ಎಂದಲ್ಲಿ ಹಾಕಿದ. ಮೇಡಂ ಕಂಪ್ಯೂಟರಿನಲ್ಲಿ ಏನೋ ಒತ್ತಿ ಕಳಿಸಿಯೂ ಆಯಿತು. ಕರಬಸಪ್ಪನಿಗೆ ಹೋದ ಜೀವ ಬಂದಂತಾಗಿ, ಬುತ್ತಿ ಬಿಚ್ಚಿ ರೊಟ್ಟಿ ತಿನ್ನತೊಡಗಿದ.

ವಯರು ಸುತ್ತುತ್ತ ಮೇಡಂ ಅಂದರು: "ನನಗ ಭಾಳ ಬ್ಯಾಸರಾತ್ರಿ. ಗೇಟಿನ ಬಾಜೂಕ, ಕಿಟಕಿ ಇಟ್ಟು, ನೀವು ಕೇಳಿದಂಗ ಆ ಖೋಲಿ ಬರದಿದ್ನಿ. ನಿಮಗ ಖುಷಿ ಆಗ್ಲಿ ಅಂತ ಆಫೀಸಿನ್ಯಾಗಿದ್ದ ನಿಮ್ಮ ಸನ್ಮಾನದ ಫೋಟೋದಿಂದ ಗೊಂಬಿ ಮಾಡಿಸಿ ಅಲ್ಲೇ ಕುಂದ್ರಿಸಿದ್ನಿ. ಫೋಟೋ ಹೊಡಿಯೂ ಹೊತ್ತಿಗೆ ನೀವು ಕಣ್ಣ ಮುಚ್ಚಿದ್ರಿ, ಅದೊಂದ ತಪ್ಪ."

ಕರಬಸಪ್ಪನ ಬಾಯಲ್ಲಿ ರೊಟ್ಟಿ ಹಾಗೇ ನಿಂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇವನು ತಾನೇ ಸಹಿ ಹಾಕಿ ಚೆಲ್ಲಿದ್ದ.

"ಹಂಗಾರ ಆ ಗೊಂಬಿ ಏನಾತ್ರಿ?" ತುತ್ತು ನುಂಗಿ ಕೇಳಿದ.

ಮೇಡಂ ಮತ್ತೆ ಕನ್ನಡಕ ಹಾಕಿದರು. ಗೇಟಿನ ಬಳಿ ಈಗ ಬರೀ ಗೋಡೆ. ಸಪ್ಪಳವಿಲ್ಲದ ಪಡಸಾಲೆಯಲ್ಲಿ ಕೊನೆಯವರೆಗೆ ನಡೆದ. ಅಲ್ಲಿ ಹೆಣದ ಖೋಲಿ, ಪಕ್ಕದಲ್ಲಿ ಬೆಂಚು, ಬೆಂಚಿನ ಒಂದು ತುದಿಗೆ ಮಾಲೆ ಹಾಕಿಕೊಂಡು ಅವನು.

"ಖೋಲಿ ತಗದ್ನಿ, ನಿಮ್ಮನ್ನ ತಗಿಯಾಕ ಮನಸ ಬರಲಿಲ್ರಿ" ಹೊರಗಿನಿಂದ ಮೇಡಂ ದನಿ ಕೇಳಿತು. "ಇದ್ದ ಜಾಗಾದಾಗ ಕುಂದ್ರಿಸೇನಿ. ಈ ಸಲ ಕಣ್ಣೂ ತಗಸೇನಿ, ನೋಡ್ರಿ."

ಹೌದು, ಕಣ್ಣು ತೆರೆದಿದ್ದವು. ನೇರ ಇವನನ್ನೇ ನೋಡುತ್ತಿದ್ದವು.

ಮೇಡಂ ಕಾರು ಹೋದ ಮೇಲೆ ಕರಬಸಪ್ಪ ತನ್ನ ಹಳೆಯ ಬೆಂಚಿಗೆ ಹೋದ. ನಡುವೆ ಕೂರುವುದು ಅವನ ರೂಢಿ. ಅವತ್ತು ಒಂದು ತುದಿಗೆ ಸರಿದು, ಪಕ್ಕದಲ್ಲಿ ಒಬ್ಬರಿಗೆ ಹಿಡಿಯುವಷ್ಟು ಜಾಗ ಬಿಟ್ಟು ಕುಂತ.