ನಿನ್ನೆ ಯಾರ್ಯಾರನ್ನ ಮಾತಾಡಿಸಿದ್ರಿ?

ಕಂಡವರ ಮನೆ ಬಾಗಿಲು ತಟ್ಟಿ ಬದುಕೋರು ನಗೋದಕ್ಕೆ ಅಂತ ಬೇರೆ ಎಲ್ಲೂ ಹೋಗಬೇಕಾಗಿಲ್ಲ. ಬಾಗಿಲು ತೆಗೆದವರೇ ಏನಾದರೊಂದು ಕೊಟ್ಟು ಕಳಿಸ್ತಾರೆ. ನನಗಂತೂ ವಾರಕ್ಕೊಂದಾದರೂ ಸಿಕ್ಕೇ ಸಿಗುತ್ತೆ.

ನಾನು ಕೆ.ಆರ್. ಪುರದವಳು. ಬಹಳ ವರ್ಷ ಒಂದು ನರ್ಸರಿ ಶಾಲೆಯಲ್ಲಿ ಆಯಾ ಆಗಿದ್ದೆ, ಶಾಲೆ ಮುಚ್ಚಿಹೋಯಿತು. ಐವತ್ತರ ಹತ್ತಿರ ಬಂದವಳಿಗೆ ಯಾರು ರೀ ಕೆಲಸ ಕೊಡ್ತಾರೆ? ಕೊಟ್ಟರು ಒಬ್ಬರು, ಅವರ ಹೊಟ್ಟೆ ತಣ್ಣಗಿರಲಿ. ಜ್ವರ, ಕೆಮ್ಮು ಒಬ್ಬರಿಂದ ಒಬ್ಬರಿಗೆ ಹೇಗೆ ಹಬ್ಬುತ್ತೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕೋ ಮೇಡಂ ಅವರು. ಅವರ ಪರದೆ ಮೇಲೆ ಮನುಷ್ಯರೆಲ್ಲ ಚುಕ್ಕಿಗಳು, ಇಬ್ಬರು ಭೇಟಿಯಾದರೆ ನಡುವೆ ಒಂದು ಗೆರೆ. ಥೇಟ್ ನಾವು ಬಾಗಿಲಿಗೆ ಹಾಕೋ ಚುಕ್ಕಿ ರಂಗೋಲಿ. ಆ ರಂಗೋಲಿಯೊಳಗೆ ಒಂದು ಸುಳ್ಳು ಜ್ವರ ಬಿಟ್ಟು, ಅದು ಯಾವ ಗೆರೆ ಹಿಡಿದು ಎಲ್ಲಿಗೆ ಹೋಗುತ್ತೆ, ಮೊದಲು ಯಾರಿಗೆ ಲಸಿಕೆ ಹಾಕಿದರೆ ನಿಲ್ಲುತ್ತೆ ಅಂತ ನೋಡ್ತಾರೆ.

ಗೆರೆ ಎಳೆಯೋದಕ್ಕೆ ಬೇಕಾದ ಸುದ್ದಿ ತರೋಳು ನಾನು. ಮನೆಮನೆಗೆ ಹೋಗಿ, "ನಿನ್ನೆ ಯಾರ್ಯಾರನ್ನ ಹತ್ತಿರದಿಂದ ಮಾತಾಡಿಸಿದ್ರಿ? ಎಷ್ಟು ಹೊತ್ತು? ಮುಟ್ಟಿದ್ರಾ?" ಅಂತ ಕೇಳೋದು. "ಸದ್ಯಕ್ಕೆ ಟ್ರಯಲ್ ಮೇಲೆ ಇಟ್ಕೋತೀನಿ," ಅಂದಿದ್ದರು ಮೇಡಂ. "ಜನ ಹೇಳಿದ್ದನ್ನ ಹೇಳಿದ ಹಾಗೇ ಟ್ಯಾಬಿಗೆ ಹಾಕಿ. ನಿಮ್ಮ ತಲೆಯಿಂದ ಏನಾದ್ರೂ ಸೇರಿಸಿದ್ರೆ ಅವತ್ತೇ ಕೆಲಸ ಮುಗೀತು." ಇದು ಹೋದರೆ ನನಗೆ ಇನ್ನೊಂದು ಸಿಗೋದಿಲ್ಲ ಅಂತ ಚೆನ್ನಾಗಿ ಗೊತ್ತಿತ್ತು. ದೇವರ ಮೇಲೆ ಭಾರ ಹಾಕಿ ಹೊರಟೆ.

ಸೊನ್ನೆ ಹಾಕ್ಕೊಳ್ಳಿ

ವಿಮಾನಪುರದಲ್ಲಿ ಒಬ್ಬರು ನಿವೃತ್ತ ಯಜಮಾನರು. ಪ್ರಶ್ನೆ ಕೇಳಿದೆ.

"ರಿಟೈರ್ ಆದವನನ್ನ ಯಾರಮ್ಮ ಮಾತಾಡಿಸ್ತಾರೆ? ಸೊನ್ನೆ ಹಾಕ್ಕೊಳ್ಳಿ," ಅಂದರು.

ಅಡುಗೆಮನೆಯಿಂದ ಅವರ ಹೆಂಡತಿ ಕೈಯಲ್ಲಿ ಸೌಟು ಹಿಡಿದೇ ಬಂದರು. "ಸೊನ್ನೆಯಂತೆ ಸೊನ್ನೆ! ಬೆಳಿಗ್ಗೆ ಪಾರ್ಕಲ್ಲಿ ನಗೆಕೂಟ ಅಂತ ಒಬ್ಬರ ಮುಖಕ್ಕೆ ಒಬ್ಬರು ಬಾಯಿ ತೆಗೆದು ಹಾ ಹಾ ಅಂದಿದ್ದು ಯಾರು? ಕಟಿಂಗ್ ಶಾಪಲ್ಲಿ ಪೇಪರ್ ಓದಿದ್ದು? ಹಾಲಿನ ಬೂತಲ್ಲಿ ಸರ್ಕಾರ ಬೀಳಿಸಿದ್ದು?"

"ಅವರೆಲ್ಲ ಫ್ರೆಂಡ್ಸು ಕಣೇ. ಸರ್ವೆಗೆ ಅವರು ಯಾಕೆ?"

ನಾನು ಎಲ್ಲರನ್ನೂ ಹಾಕಿಕೊಂಡೆ. ಆಮೇಲೆ ಆಕೆ ಸೊಂಟದ ಮೇಲೆ ಕೈ ಇಟ್ಟುಕೊಂಡು, "ನಾನೆಲ್ಲಿ? ಬೆಳಗಿಂದ ರಾತ್ರಿವರೆಗೂ ಇವರ ಜೊತೆ ಮಾತಾಡಿದೋಳು ನಾನಲ್ವಾ?" ಅಂದರು.

ಯಜಮಾನರು ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು. "ನಾನು ಯಾರನ್ನ ಮಾತಾಡಿಸಿದೆ ಅಂತ ತಾನೆ ನೀವು ಕೇಳಿದ್ದು? ಅಲ್ಲಿ ನನಗೆ ಚಾನ್ಸೇ ಸಿಗಲ್ಲಮ್ಮ."

ಬೈ ಟೂ ಚಾ

ಶಿವಾಜಿನಗರದ ಗಲ್ಲಿಯೊಂದರಲ್ಲಿ ಅಣ್ಣ ತಮ್ಮ ಇಬ್ಬರು ಟೈಲರ್‌ಗಳು. ಒಂದೇ ಅಂಗಡಿ, ಎರಡು ಮಿಷನ್ನು. ಅಣ್ಣನನ್ನ ಕೇಳಿದೆ. ಗಿರಾಕಿಗಳನ್ನೆಲ್ಲ ಹೇಳಿದರು.

"ಮತ್ತೆ ನಿಮ್ಮ ತಮ್ಮ?"

"ನಕ್ಕೋ ಅಕ್ಕಾ, ಅವನನ್ನ ಹಾಕ್ಬೇಡಿ. ಅವನ್ಗೂ ನಮ್ಗೂ ಮಾತೇ ಇಲ್ಲ. ಬಹಳ ವರ್ಷ ಆಯ್ತು."

"ಹತ್ತಿರ ಕೂರ್ತೀರಾ?"

"ಒಂದೇ ಬೆಂಚು."

"ಚಾ?"

"ಬೈ ಟೂ."

"ಅಣ್ಣಾ, ಮಾತಿಲ್ಲದಿದ್ರೂ ಅವರಿಗೆ ಜ್ವರ ಬಂದ್ರೆ ನಿಮಗೆ ಬರತ್ತೆ," ಅಂತ ತಿಳಿಸಿ ಹೇಳಿದೆ.

ಅವರು ಎದೆ ಸೆಟೆಸಿ, "ಬರಲ್ಲ. ಅವನು ಕೊಟ್ಟಿದ್ದು ಏನೂ ನಾವು ತಗೊಳ್ಳಲ್ಲ!" ಅಂದರು.

ಅದೇ ಬೆಂಚಲ್ಲಿ ಬೆನ್ನು ತಿರುಗಿಸಿ ಕೂತಿದ್ದ ತಮ್ಮ ಮಿಷನ್ ನಿಲ್ಲಿಸಿ, "ಅಕ್ಕಾ, ಅವನ್ಗೆ ಹೇಳಿ. ನಾವೂ ಕೊಡಲ್ಲ!"

ಹೊರಡುವಾಗ ಹರಿದಿದ್ದ ನನ್ನ ಬ್ಯಾಗಿನ ಪಟ್ಟಿ ನೋಡಿ ಅಣ್ಣ ಒಂದು ತುದಿ ಹೊಲಿದರು, ತಮ್ಮ ಇನ್ನೊಂದು ತುದಿ. ಬೇರೆ ಬೇರೆ ಬಣ್ಣದ ದಾರದಲ್ಲಿ. ಇವತ್ತಿಗೂ ಅದೇ ಬ್ಯಾಗು ನನ್ನ ಹೆಗಲಲ್ಲಿದೆ.

ಯಾರು ಈ ಹೆಂಗಸು?

ನಮ್ಮಲ್ಲಿ ಒಂದು ಕ್ರಮ ಇತ್ತು. ಮೊದಲನೇ ದಿನ ಹೋಗಿ ಒಪ್ಪಿಗೆ ಕೇಳಿ ಬರೋದು, ಮಾರನೇ ದಿನ ಹೋಗಿ ಪ್ರಶ್ನೆ ಕೇಳೋದು. ಆದರೆ ಹೊಸ ತಿಪ್ಪಸಂದ್ರವಾಗಲಿ, ಜೀವನ್ ಬಿಮಾ ನಗರವಾಗಲಿ, ಹಲಸೂರಾಗಲಿ, ಹೊಸಿಲು ದಾಟಿ ಬಂದ ಹೆಂಗಸನ್ನ ಹಾಗೇ ಕಳಿಸೋ ಮನೆ ಎಲ್ಲಿದೆ ಹೇಳಿ? ಕೂರಿಸೋದು, ಕಾಫಿ ಕೊಡೋದು, ಕಾಲು ನೋವು ವಿಚಾರಿಸೋದು, ಹಣೆಗೆ ಕುಂಕುಮ ಇಡೋದು. ಬಿಸಿಲಲ್ಲಿ ಅಲೆಯೋಳಿಗೆ ಅದಕ್ಕಿಂತ ಇನ್ನೇನು ಬೇಕು? ಎಷ್ಟೋ ಸಲ ಕಣ್ಣಲ್ಲಿ ನೀರು ಬಂದಿದೆ.

ಮಾರನೇ ದಿನ "ನಿನ್ನೆ ಯಾರನ್ನ ಮಾತಾಡಿಸಿದ್ರಿ?" ಅಂದರೆ ಮೊದಲನೇ ಉತ್ತರ, "ನಿನ್ನನ್ನೇ ಅಲ್ವೇನೇ!"

ಹೇಳಿದ್ದನ್ನ ಹೇಳಿದ ಹಾಗೇ ಹಾಕಬೇಕಲ್ಲ. ಹೆಸರು ಬೇಡ, ಗಂಡೋ ಹೆಣ್ಣೋ ಅಂತ ಹಾಕಿ, ಒಬ್ಬರಿಗೆ ಒಂದೇ ನಂಬರ್ ಅಂತ ಬೇರೆ ನಿಯಮ. ನನಗೂ ಒಂದು ನಂಬರ್ ಕೊಟ್ಟು, ಮನೆಮನೆಯಲ್ಲೂ ನನ್ನನ್ನೇ ಹಾಕ್ಕೊಂಡು ಬಂದೆ.

ತಿಂಗಳ ಕೊನೆಗೆ ಮೇಡಂ ಕರೆದರು. ಪರದೆಯ ಮಧ್ಯೆ ಕುಂಬಳಕಾಯಿ ಗಾತ್ರದ ಒಂದು ಚುಕ್ಕಿ, ಊರಿನ ಗೆರೆಗಳೆಲ್ಲ ಅದಕ್ಕೇ ಬಂದು ಸೇರಿವೆ.

"ಯಾರ್ರೀ ಈ ಹೆಂಗಸು? ಇವಳೊಬ್ಬಳು ಸೀನಿದ್ರೆ ಅರ್ಧ ಬೆಂಗಳೂರು ಮಲಗತ್ತೆ! ಮೊದಲು ಪತ್ತೆ ಮಾಡಿ."

"ಪತ್ತೆ ಯಾಕೆ ಮೇಡಂ, ನಾನೇ."

ಅವರು ನಗಲಿಲ್ಲ. "ಇಷ್ಟು ಮನೇಲಿ ಕಾಫಿ ಕುಡಿಯೋದು ಮನುಷ್ಯರ ಕೈಲಾಗೋ ಕೆಲಸನಾ? ನಿಜ ಹೇಳಿ. ಮನೇಲೇ ಕೂತು ತುಂಬಿಸಿದ್ರಾ?"

ಕೆಲಸ ಹೋಯಿತು ಅಂತಲೇ ಅಂದುಕೊಂಡೆ. "ಒಂದು ದಿನ ನನ್ನ ಜೊತೆ ಬನ್ನಿ ಮೇಡಂ," ಅಂದೆ. ಬೇರೆ ದಾರಿ ಇರಲಿಲ್ಲ.

ಟ್ರಯಲ್

ಬಂದರು. ಮೊದಲನೇ ಮನೆಯಲ್ಲಿ "ಡ್ಯೂಟಿ ಟೈಮಲ್ಲಿ ಏನೂ ಬೇಡ" ಅಂದರು. ಕಾಫಿ ಬಂತು, ಕುಡಿದರು. ಎರಡನೇ ಮನೆಯಲ್ಲಿ ಕೋಡುಬಳೆ. ಮೂರನೇ ಮನೆಯಲ್ಲಿ "ಸಕ್ಕರೆ ಕಮ್ಮಿ ಹಾಕಿ" ಅಂತ ಅವರೇ ಹೇಳಿದರು.

ಕೊನೆಗೆ ತಿಪ್ಪಸಂದ್ರದ ಹಳೇ ಊರಿನ ಒಬ್ಬರು ಅಜ್ಜಿಯ ಮನೆ. ಹೊಲ ಇದ್ದ ಕಡೆ ಈಗ ಅವರದೇ ಬಾಡಿಗೆ ಮನೆಗಳು, ಆದರೆ ಅಜ್ಜಿ ನಡೆಸೋದು ಮಾತ್ರ ಹೊಲದ ಕಾಲದ ಅಡುಗೆಮನೆ. ಅಜ್ಜಿ ಮೇಡಂ ಕೈ ಹಿಡಿದು ತಿರುಗಿಸಿ ನೋಡಿ, "ಏನವ್ವ, ಕಡ್ಡಿ ಆದಂಗೆ ಆಗಿದೀಯ! ನಾಳೆ ಬಸ್ಸಾರು ಮಾಡ್ತೀನಿ, ಬಂದ್ಬುಡು," ಅಂದರು. ಮೇಡಂ ತಲೆ ಆಡಿಸಿದರು. ನನ್ನ ಲೆಕ್ಕ ಸರಿ ಅಂತಲೂ ಹೇಳದೆ ಆಟೋ ಹತ್ತಿ ಹೊರಟುಬಿಟ್ಟರು. ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ.

ಮಾರನೇ ದಿನ ಟ್ಯಾಬ್ ಹಿಡಿದು ಅಜ್ಜಿ ಮನೆಗೆ ಹೋದೆ. "ನಿನ್ನೆ ಯಾರನ್ನ ಮಾತಾಡಿಸಿದ್ರಿ ಅಜ್ಜಿ?"

"ನಿಮ್ಮ ಮೇಡಮ್ಮನ್ನ."

"ಎಷ್ಟು ಹೊತ್ತು?"

"ಇನ್ನೂ ಮುಗಿದಿಲ್ಲ ಕಣೇ. ಒಳಗೆ ನೋಡು."

ಅಡುಗೆಮನೆಯಲ್ಲಿ ಮೇಡಂ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದಾರೆ, ಮುಂದೆ ಮುದ್ದೆ ಬಸ್ಸಾರು! ಬಾಯಿ ತುಂಬ ಇಟ್ಟುಕೊಂಡೇ ಅಂದರು. "ನಿಮ್ಮ ಲೆಕ್ಕ ಸರಿಯಾಗೇ ಇದೆ ರೀ. ನನ್ನನ್ನೂ ಹಾಕ್ಕೊಳ್ಳಿ. ಮುಟ್ಟಿದ್ದು ಹೌದು, ಮೊದಲನೇ ತುತ್ತು ಅಜ್ಜಿನೇ ಬಾಯಿಗಿಟ್ರು. ಇವತ್ತಿಂದ ನೀವು ಪರ್ಮನೆಂಟು."

ನನಗೆ ಅಳುವೇ ಬಂತು. ಅಜ್ಜಿಯ ಎರಡೂ ಕೈ ಹಿಡಿದುಕೊಂಡುಬಿಟ್ಟೆ. ಅಜ್ಜಿಗೆ ನನ್ನ ಅಳುವಿನ ಕಡೆ ಗಮನವೇ ಇಲ್ಲ. ಅವರ ಕಣ್ಣೆಲ್ಲ ಮೇಡಂ ಬಾಯಿಯ ಮೇಲೆ.

"ಇವ್ಳು ಪರ್ಮನೆಂಟು, ಸರಿ. ನೀನು ಮಾತ್ರ ಮುದ್ದೇನ ನುಂಗದೆ ಅಗೀತಾ ಇದೀಯಲ್ಲವ್ವ? ನಿನ್ನನ್ನ ನಾನು ಇನ್ನೂ ಟ್ರಯಲ್ ಮೇಲೇ ಇಟ್ಟಿರೋದು. ನಾಳೇನೂ ಬಾ!"