ಟಗರಿನ ದಾವೆಯಲ್ಲಿ ಸರ್‌ಪ್ರೈಸು

ಕೋರ್ಟಿನಲ್ಲಿ ನಗುವಂಥದ್ದು ದಿನಾ ನಡೆಯುತ್ತದೆ, ನಗುವಂತಿಲ್ಲ ಅಷ್ಟೇ. ಎಪ್ಪತ್ತರ ದಶಕದ ಕೊನೆಗೆ ಹುನಗುಂದದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಜೂನಿಯರ್ ಆಗಿದ್ದ ನಾನು, ಕೆಮ್ಮಿನ ನೆವ ಹೇಳಿ ಎಷ್ಟು ಸಲ ಹೊರಗೆ ಓಡಿದೆನೋ. ಅದರಲ್ಲಿ ಅರ್ಧ ಪಾಲು ಒಬ್ಬನೇ ಅಜ್ಜನದು.

೧. ಬೆಂಚಿನ ಮೇಲೆ ಕಾಲು

ಅಜ್ಜ ಕಮತಗಿ ಕಡೆಯ ಕುರಿಗಾರ. ಕುಲದೇವರು ಬೀರಪ್ಪನ ಹೆಸರಲ್ಲಿ ಸಾಕಿದ ಅವನ ಟಗರನ್ನು ಇನ್ನೊಬ್ಬ ಕುರಿಗಾರ ತನ್ನದು ಅಂದಿದ್ದ. ಅದು ಹೋದರೆ ತನಗೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ ಅಂತ ಅಜ್ಜ ನಮ್ಮ ಮುಂದೆ ಕಣ್ಣೊರೆಸಿಕೊಂಡಿದ್ದ. ತೀರ್ಪಾಗುವ ತನಕ ಟಗರು ಊರ ಗೌಡರ ಮನೆಯಲ್ಲಿ ಕಟ್ಟಿತ್ತು. ಇಬ್ಬರೂ ಹತ್ತಿರ ಸುಳಿಯುವಂತಿರಲಿಲ್ಲ.

ಮೊದಲ ವಾಯಿದೆಗೇ ಎದುರಿನವರು ಪಟ್ಟಿಯಲ್ಲಿಲ್ಲದ ಸಾಕ್ಷಿಯನ್ನು ತಂದು ನಿಲ್ಲಿಸಿದರು. ನಮ್ಮ ಹಿರಿಯರು ಎದ್ದು, ಇದು ಸರ್‌ಪ್ರೈಸ್, ಸ್ವಾಮಿ, ಸರ್‌ಪ್ರೈಸ್ ಅಂತ ಗುಡುಗಿದರು. ಅಜ್ಜ ಎರಡೂ ಕಾಲು ಬೆಂಚಿನ ಮೇಲೆ ಎತ್ತಿಕೊಂಡು ನನ್ನ ಕಿವಿಯಲ್ಲಿ ಕೇಳಿದ:

"ಎಲ್ಲೈತ್ರಿ ಸರ್ಪ?"

೨. ಹೇಳಿ ಬಂದವನು

ಅಜ್ಜನನ್ನು ಚಹಾದ ಅಂಗಡಿಯಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳಿದೆ. ಕೋರ್ಟಿನಲ್ಲಿ ಯಾರೂ ದಿಢೀರನೆ ಏನನ್ನೂ ತರುವಂತಿಲ್ಲ, ಏನಿದ್ದರೂ ಎದುರಿನವನಿಗೆ ಮೊದಲೇ ತಿಳಿಸಿರಬೇಕು, ತಿಳಿಸದೆ ಅವನನ್ನು ಕಕ್ಕಾಬಿಕ್ಕಿ ಮಾಡುವುದೇ ಸರ್‌ಪ್ರೈಸು. ಅಜ್ಜ ಗೋಣು ಹಾಕಿದ.

ಮುಂದಿನ ವಾರ ಒಂದು ದಿನ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತಿದ್ದ. ಏನು ಕೆಲಸ ಅಂದೆ.

"ನಾಳಿ ಬರ್ತೇನಿ ಅಂತ ಹೇಳಾಕ ಬಂದೇನ್ರಿ."

ಬಂದದ್ದು ಬಂದಿದ್ದೀ, ಇವತ್ತೇ ಮಾತಾಡೋಣ ಅಂದರೆ ಕೇಳಲಿಲ್ಲ. ಬಂದ ದಾರಿಯಲ್ಲೇ ಕಮತಗಿಗೆ ನಡೆದ. ಮರುದಿನ ಬಂದ.

೩. ಬಾಲದ ಕೆಳಗೆ

ಕೊನೆಯ ವಾಯಿದೆಯ ದಿನ ಅಜ್ಜ ಮೆಲ್ಲಗೆ, ಟಗರಿನ ಗುರುತು ಎದುರಿನವನಿಗೆ ಹೇಳಿ ಬಂದಿದ್ದೇನೆ ಅಂದ. ಹಿರಿಯರು ನನ್ನನ್ನು ನೋಡಿದ ನೋಟಕ್ಕೆ, ವಕೀಲಿ ಬಿಟ್ಟು ಅಮೀನಗಡದಲ್ಲಿ ಕರದಂಟು ಮಾರುವುದೇ ಲೇಸು ಅನ್ನಿಸಿತು.

ಎದುರಿನವನು ಕಟಕಟೆ ಹತ್ತಿದವನೇ, ಯಾರೂ ಕೇಳುವ ಮೊದಲೇ, ಬಾಲದ ಕೆಳಗೆ ಬರೆ ಇದೆ, ತಾನೇ ಕೈಯಾರೆ ಹಾಕಿದ್ದು ಅಂತ ಪ್ರಮಾಣ ಮಾಡಿದ. ಜಡ್ಜ್ ಸಾಹೇಬರು ಟಗರನ್ನು ಅಂಗಳಕ್ಕೆ ತರಿಸಿದರು. ಜವಾನ ಬಾಲ ಎತ್ತಿದ. ಬರೆ ಹೋಗಲಿ, ಒಂದು ಗೀರೂ ಇರಲಿಲ್ಲ. ಅಜ್ಜ ನಮಗೆ ಹೇಳಿದ್ದ ಮುರುಕು ಹಲ್ಲು ಮಾತ್ರ ಬಾಯಿ ತೆರೆಸಿದಾಗ ಇದ್ದಲ್ಲೇ ಇತ್ತು.

ಟಗರು ಅಜ್ಜನದಾಯಿತು. ಅವನು ಅದರ ಕೊರಳು ತಬ್ಬಿಕೊಂಡ. ಆದರೆ ಹಿರಿಯರಿಗೆ ಸಮಾಧಾನವಿಲ್ಲ, ಆ ಬರೆಯ ಸುದ್ದಿ ಅವನಿಗೆ ಹೇಳಿದ್ದು ಯಾಕೆ ಅಂತ ಗದರಿದರು. ಅಜ್ಜ ಹಗ್ಗ ಕೈಗೆ ಸುತ್ತಿಕೊಂಡು ಅಂದ:

"ಮೊದ್ಲ ತಿಳಿಸಬೇಕು ಅಂದ್ರಿ, ತಿಳಿಸೇನಿ. ಖರೇನ ತಿಳಿಸಬೇಕು ಅಂತ ಯಾರೂ ಹೇಳಲಿಲ್ರಿ."